ನೇರ ವಿಮಾನ ಬೇಡ

ಭೂಮಿಯ ಆ ತುದಿಯಲ್ಲಿರುವ ನನ್ನ ತಂಗಿಯ ಮನೆಗೆ ಹೋಗಲು ಟಿಕೆಟ್ ಮಾಡಿಸಬೇಕಿತ್ತು. ನನ್ನ ಯಜಮಾನರು ಸೋಫಾ, ಕುರ್ಚಿಗಳಿಗೆ ಮೆತ್ತೆ ಹೊಲಿಯುವವರು. ಟಿಕೆಟ್ ಆಫೀಸಿನ ಹುಡುಗಿ ಯಾವ ಕಂಪನಿಯ ವಿಮಾನ ತೋರಿಸಿದರೂ ಇವರದು ಒಂದೇ ಪ್ರಶ್ನೆ: "ಸೀಟಿನ ಸ್ಪಂಜು ಎಷ್ಟು ದಪ್ಪ ಇದೆಯಮ್ಮ?"

ಪಾಪ, ಅವಳು ನಗುತ್ತಲೇ ಹೇಳಿದಳು: "ಅದು ಗೊತ್ತಿಲ್ಲ ಅಂಕಲ್. ಆದ್ರೆ ಇದು ನೇರ ವಿಮಾನ. ಹದಿನೇಳು ಗಂಟೆ, ಎಲ್ಲೂ ಇಳಿದು ಹತ್ತೋ ತಾಪತ್ರಯ ಇಲ್ಲ."

"ಬೇಡವೇ ಬೇಡ," ಎಂದೆ ನಾನು. "ಎರಡು ಕಡೆ ವಿಮಾನ ಬದಲಾಯಿಸೋದು ಕೊಡು."

"ಯಾಕೆ ಆಂಟಿ? ಸುಮ್ನೆ ಸುಸ್ತು."

ನಾನು ಪಕ್ಕಕ್ಕೆ ಕೈ ತೋರಿಸಿದೆ. ಗಿರಾಕಿಗಳ ಕುರ್ಚಿಯೊಂದು ಆಗಲೇ ತಲೆಕೆಳಗಾಗಿತ್ತು. ನಮ್ಮ ಮಹಾರಾಯರು ನೆಲದ ಮೇಲೆ ಕೂತು, ಜೇಬಿನಿಂದ ಸೂಜಿ ತೆಗೆದು ಅದರ ಮೆತ್ತೆಗೆ ಹೊಸ ಹೊಲಿಗೆ ಹಾಕುತ್ತಿದ್ದರು.

"ಹದಿನೇಳು ಗಂಟೆ ಒಂದೇ ಸೀಟು ಇವರ ಕೈಗೆ ಸಿಕ್ಕಿದ್ರೆ ಅದರ ಗತಿ ಏನು, ನೀನೇ ಹೇಳು."

"ವಿಮಾನದೊಳಗೆ ಸೂಜಿ ಬಿಡಲ್ಲ ಆಂಟಿ."

"ಹೊಲಿಯೋಕೆ ಸೂಜಿ ಬೇಕಮ್ಮ. ಬಿಚ್ಚೋಕೆ ಇವರಿಗೆ ಉಗುರು ಸಾಕು!"

ಹುಡುಗಿ ಎರಡು ಕಡೆ ಬದಲಾಯಿಸುವ ದಾರಿಗೇ ಟಿಕೆಟ್ ಮಾಡಿದಳು. ಗೆದ್ದೆ ಎಂದು ನಾನು ಬೀಗಿದೆ.

ಯಜಮಾನರು ಹಲ್ಲಿನಿಂದ ದಾರ ಕಡಿದು, ಕುರ್ಚಿಯನ್ನು ನೆಟ್ಟಗೆ ನಿಲ್ಲಿಸಿ, ಕಣ್ಣರಳಿಸಿದರು.

"ಒಟ್ಟು ಮೂರು ವಿಮಾನಾನಾ? ಹಾಗಾದ್ರೆ ಮೂರು ಥರದ ಸೀಟು ಸಿಗುತ್ತೆ ಅನ್ನು!"