ಪೊಕುವಾಳ ತಲೆಗೆ ಪೌಡರ್ ಹಾಕುವವರು ಯಾರು

೧

ಎಲ್ಲಿಂದ ಹಿಡಿಯಲಿ ಇದನ್ನು? ‘ಪೊಕುವಾ ತನ್ನ ಅಂಗಡಿಯಲ್ಲಿ ಒಬ್ಬಳೇ ಕೂತು ಅಳುತ್ತಿದ್ದಳು’ ಎಂದು ಬರೆದರೆ ನೀವು ಕರವಸ್ತ್ರ ತೆಗೆದು ಸಿದ್ಧರಾಗುತ್ತೀರಿ, ನನ್ನ ಅರ್ಧ ಕೆಲಸ ಉಳಿಯುತ್ತದೆ. ಆದರೆ ಅವಳು ಅಳುತ್ತಿರಲಿಲ್ಲ. ಎಲೆಯಲ್ಲಿ ಕಟ್ಟಿಸಿಕೊಂಡು ಬಂದ ವಾಚೆ ತಿನ್ನುತ್ತ, ಅನ್ನ ಕಡಿಮೆ ಮಾಡಿ ಅಲಸಂದೆಯನ್ನೇ ತುಂಬಿಕೊಟ್ಟ ಹೆಂಗಸನ್ನು ಬಯ್ಯುತ್ತಿದ್ದಳು.

(ಹೊಡೆದು ಹಾಕಿದೆ.)

‘ಘಾನಾದ ಯುವಜನರಲ್ಲಿ ನಿರುದ್ಯೋಗವು...’ ಎಂದೂ ತೊಡಗಬಹುದಿತ್ತು. ಹಾಗೆ ತೊಡಗುವುದು ವರದಿ. ವರದಿಯ ಕೊನೆಗೆ ಶಿಫಾರಸುಗಳಿರಬೇಕು. ನನ್ನ ಹತ್ತಿರ ಒಂದೂ ಇಲ್ಲ.

(ಅದನ್ನೂ ಹೊಡೆದು ಹಾಕಿದೆ. ಈಗ ಹಾಳೆಯಲ್ಲಿ ಕಥೆಗಿಂತ ಗೀಟುಗಳೇ ಜಾಸ್ತಿ.)

ಹೋಗಲಿ, ಗೋಡೆಯ ಮೇಲಿನ ಫೋಟೋ ನೋಡೋಣ. ಕುಮಾಸಿಯ ಬಂತಾಮದಲ್ಲಿ, ಬೀದಿಗೆ ಮುಖ ಮಾಡಿ ನಿಂತ ನೀಲಿ ತಗಡಿನ ಡಬ್ಬದಂಗಡಿ. ಒಳಗೆ ಸರ್ಕಾರ ಕೊಟ್ಟ ಹೊಲಿಗೆ ಯಂತ್ರ, ಸರ್ಕಾರ ಕೊಟ್ಟ ಪ್ರಮಾಣಪತ್ರ, ಸರ್ಕಾರ ಕೊಡದ ಒಂದು ಫೋಟೋ. ಅದರಲ್ಲಿ ಇಪ್ಪತ್ತಮೂರು ವರ್ಷದ ಪೊಕುವಾ ಬಿಳಿ ಉಡುಪಿನಲ್ಲಿ ಹಲ್ಲು ಕಾಣುವಂತೆ ನಗುತ್ತಿದ್ದಾಳೆ. ತಲೆ, ಕುತ್ತಿಗೆ, ಹೆಗಲು ಎಲ್ಲ ಪೌಡರ್‌ಮಯ. ಪೌಡರ್ ಡಬ್ಬಿ ಹಿಡಿದ ಕೈಯೂ ಫೋಟೋದಲ್ಲಿ ಬಿದ್ದಿದೆ. ಆ ಕೈ ಅವಳದೇ.

ಬಂತಾಮದವರಿಗಾದರೆ ಇಷ್ಟು ಹೇಳಿದರೆ ಸಾಕು. ‘ಅಯ್ಯೋ ಪಾಪ’ ಎಂದು ಎದ್ದು ಹೋಗುತ್ತಾರೆ. ನೀವು ಇನ್ನೂ ಕೂತಿದ್ದೀರಿ. ಬಿಡಿಸಿ ಹೇಳುತ್ತೇನೆ.

೨

ಇಲ್ಲಿ ಹೊಲಿಗೆ ಕಲಿಯುವ ಹುಡುಗಿ ಮೂರು ವರ್ಷ ಒಬ್ಬ ಮೇಡಮ್ಮಿನ ಅಂಗಡಿಯಲ್ಲಿರುತ್ತಾಳೆ. ಮೊದಲ ವರ್ಷ ಪೊರಕೆ ಮತ್ತು ಇಸ್ತ್ರಿಯ ಇದ್ದಿಲು. ಎರಡನೆಯ ವರ್ಷ ಹೆಮ್ಮಿಂಗು, ಕಾಜಾ, ಗುಂಡಿ. ಮೂರನೆಯ ವರ್ಷ ಕೈಗೆ ಕತ್ತರಿ. ಎಲ್ಲ ಮುಗಿದ ದಿನ ಮೇಡಂ ನೆಂಟರಿಷ್ಟರ ಮುಂದೆ ಅವಳ ತಲೆಗೆ ಪೌಡರ್ ಸುರಿದು, ‘ಇನ್ನು ನೀನು ಸ್ವತಂತ್ರಳು’ ಎನ್ನುತ್ತಾಳೆ. ಅಲ್ಲಿಯವರೆಗೆ ಅವಳು ಹೊಲಿದದ್ದೆಲ್ಲ ಮೇಡಮ್ಮಿನ ಕೈ ಎಂದೇ ಲೆಕ್ಕ. ಅಲ್ಲಿಂದಾಚೆಗೆ ಅವಳದೇ ಕೈ.

ಪೊಕುವಾ ಎರಡು ವರ್ಷ ಮೇಡಂ ಕೊನಾಡು ಅವರ ಅಂಗಡಿಯಲ್ಲಿದ್ದಳು. ಕಾಜಾ ಹಾಕುತ್ತಿದ್ದ ಒಂದು ಮಧ್ಯಾಹ್ನ ರೇಡಿಯೋ ಮಾತಾಡಿತು: “ಪ್ರಿಯ ಯುವ ಮಿತ್ರರೇ! ಸರ್ಕಾರದ ಹೊಲಿಗೆ ತರಬೇತಿ! ಆರೇ ತಿಂಗಳು! ಊಟ ಉಚಿತ! ಓಡಾಟ ಉಚಿತ! ಕೊನೆಗೆ ಯಂತ್ರವೂ ಉಚಿತ!” (ಮೂಗು ಹಿಡಿದುಕೊಂಡು ಗಟ್ಟಿಯಾಗಿ ಓದಿ. ಅದೇ ದನಿ.) ಮೂರನೆಯ ದಿನ ಪೊಕುವಾ ಅಂಗಡಿಗೆ ಹೋಗಲಿಲ್ಲ. ಹೋಗುವುದಿಲ್ಲವೆಂದು ಹೇಳಲೂ ಇಲ್ಲ.

ಅವಳ ಕೌಶಲ್ಯ ತರಬೇತಿ ಹೇಗಿತ್ತು? ನಮ್ಮ ಕೌಶಲ್ಯೆ ರಾಮನನ್ನು ಹೆತ್ತಳು, ಸರ್ಕಾರದ ಕೌಶಲ್ಯ ಪ್ರಮಾಣಪತ್ರವನ್ನು ಹೆತ್ತಿತು ಎಂದು ಚುಚ್ಚಿ ಮುಂದೆ ಹೋಗಬಹುದು. ಆದರೆ ಸುಳ್ಳು ಹೇಳಬಾರದು. ಟೀಚರ್ ಒಳ್ಳೆಯವರಿದ್ದರು. ಕಂದು ಕಾಗದದ ಮೇಲೆ ಅಳತೆ ಬರೆದು, ಕಾಗದ ಕತ್ತರಿಸಿ, ಅದನ್ನು ಬಟ್ಟೆಯ ಮೇಲಿಟ್ಟು ಗುರುತು ಹಾಕುವುದನ್ನು ಪೊಕುವಾ ನಲವತ್ತು ಹುಡುಗಿಯರಲ್ಲಿ ಎಲ್ಲರಿಗಿಂತ ಮೊದಲು ಕಲಿತಳು.

ಕೊನೆಯ ದಿನ ಅಧಿಕಾರಿಯೊಬ್ಬರು ಬಂದರು. ಪತ್ರ, ಕೈಕುಲುಕು, “ಮುಂದಿನವರು!” ನಲವತ್ತು ಸಲ. ಪೊಕುವಾ ಚೀಲದಲ್ಲಿ ಹೊಸ ಪೌಡರ್ ಡಬ್ಬಿ ತಂದಿದ್ದಳು, ಯಾರಾದರೂ ಸುರಿದೇ ಸುರಿಯುತ್ತಾರೆ ಎಂದು. ಅಧಿಕಾರಿಯ ಕಾರು ಧೂಳೆಬ್ಬಿಸಿಕೊಂಡು ಹೋಯಿತು. ಫೋಟೋದವನು ಕ್ಯಾಮೆರಾ ಮಡಚುತ್ತಿದ್ದ. “ಒಂದು ನಿಮಿಷ ನಿಲ್ಲಿ,” ಎಂದಳು ಪೊಕುವಾ.

೪

(೩ ಎಲ್ಲಿ? ಅದರಲ್ಲಿ ಮೇಡಂ ಕೊನಾಡು ಅವರನ್ನು ಖಳನಾಯಕಿ ಮಾಡಿದ್ದೆ. ಓದಿ ಹೇಳಿದೆ. ಪೊಕುವಾ ಹರಿದು ಹಾಕಿದಳು.)

ಅಂಗಡಿ ತೆರೆದ ವಾರಕ್ಕೆ ಬ್ರೆಡ್ ಮಾರುವ ಅಬ್ರಾಫಿ ಕಂಕುಳಲ್ಲಿ ಆರು ಗಜ ಬಟ್ಟೆ ಇಟ್ಟುಕೊಂಡು ಬಂದರು.

“ನಿನ್ನ ಮೇಡಂ ಯಾರವ್ವ?”

“ಸರ್ಕಾರ, ಆಂಟಿ.”

“ಸರ್ಕಾರ ಯಾವಾಗ ಹೊಲಿಗೆ ಕಲೀತು?”

“ಸರ್ಟಿಫಿಕೇಟ್ ಇದೆ, ನೋಡಿ.”

“ನೋಡ್ದೆ. ಗಾಜು ಚೆನ್ನಾಗಿ ಹಾಕ್ಸಿದ್ದೀಯ. ಈ ಬಟ್ಟೆ ಕೆಡಿಸ್ದೆ ಅಂತಿಟ್ಕೋ, ನಾನು ಯಾರ ಮನೆ ಬಾಗಿಲಿಗೆ ಹೋಗಿ ಕೂಗಾಡ್ಲಿ? ಸರ್ಕಾರನ ಹುಡುಕ್ಕೊಂಡು ಅಕ್ರಾ ಬಸ್ ಹತ್ಲಾ?” ಎನ್ನುತ್ತ ಅವರ ಕಣ್ಣು ಫೋಟೋದ ಮೇಲೆ ಬಿತ್ತು. “ಅಯ್ಯಯ್ಯೋ! ಇದು ನಿಂದೇ ಕೈ ಅಲ್ವೇನೇ?”

ನಕ್ಕು ನಕ್ಕು ಸ್ಟೂಲಿನ ಮೇಲೆ ಕೂತರು. ಸಂಜೆಯೊಳಗೆ ಇಡೀ ಬೀದಿಯಲ್ಲಿ ಪೊಕುವಾಳಿಗೆ ಹೊಸ ಹೆಸರು ಬಿತ್ತು: ತಾನೇ-ಹಾಕ್ಕೊಂಡೋಳು.

ನಾಲ್ಕು ತಿಂಗಳಾಯಿತು. ಜಿಪ್ ಕಿತ್ತ ಪ್ಯಾಂಟು ಬರುತ್ತವೆ, ಹೊಸ ಬಟ್ಟೆ ಬರುವುದಿಲ್ಲ. ಡಬ್ಬದಂಗಡಿ ಅವಳ ದೊಡ್ಡಮ್ಮನದು. ಈ ತಿಂಗಳ ಕೊನೆಗೂ ಹೀಗೇ ಇದ್ದರೆ ಫೋನ್ ರಿಪೇರಿಯವನಿಗೆ ಕೊಡುತ್ತೇನೆಂದು ದೊಡ್ಡಮ್ಮ ಹೇಳಿಯಾಗಿದೆ.

ತರಬೇತಿ ಕಚೇರಿಯಿಂದ ಒಮ್ಮೆ ಫೋನ್ ಬಂತು.

“ನೀವೀಗ ಉದ್ಯೋಗದಲ್ಲಿದ್ದೀರಾ?”

“ಅಂಗಡಿ ತೆರೆದಿದ್ದೀನಿ ಸರ್.”

“ಬಹಳ ಸಂತೋಷ!” (ಎಲ್ಲೋ ಒಂದು ಚೌಕದಲ್ಲಿ ಗುರುತು ಬಿತ್ತು.)

“ಆದ್ರೆ ಯಾರೂ ಬಟ್ಟೆ ಕೊಡ್ತಿಲ್ಲ ಸರ್.”

“ಆ ಪ್ರಶ್ನೆ ನಮ್ಮ ಫಾರಂನಲ್ಲಿ ಇಲ್ಲ ತಂಗಿ,” ಎಂದ ಆತ. ಆಮೇಲೆ ದನಿ ತಗ್ಗಿಸಿದ: “ನಮ್ಮನೇಲಿ ನನ್ನ ಹೆಂಡ್ತೀನೂ ಮೊದ್ಲು ಯಾರ ಕೈ ಅಂತ್ಲೇ ಕೇಳೋದು.”

(ಈ ಮನುಷ್ಯನನ್ನು ಗೇಲಿ ಮಾಡಲೆಂದೇ ಕಥೆಯೊಳಗೆ ತಂದಿದ್ದೆ. ನೋಡಿ, ಕೈಕೊಟ್ಟ.)

೫

“ಅಣ್ಣ, ನನ್ನನ್ನ ಪಾಪದ ಹುಡುಗಿ ಮಾಡ್ತಿದ್ದೀಯ,” ಎಂದಳು ಪೊಕುವಾ, ನನ್ನ ಹೆಗಲ ಮೇಲಿಂದ ಇಣುಕಿ.

“ನಿನ್ನ ಪರವಾಗಿ ಬರೀತಿದ್ದೀನಿ ಕಣೇ.”

“ಹಾಗಾದ್ರೆ ಪೂರ್ತಿ ಬರಿ. ನಾನು ಹೇಳದೆ ಬಿಟ್ಟುಹೋದ ದಿನ ಮೇಡಂ ಮಧ್ಯಾಹ್ನದ ಊಟಕ್ಕೆ ನನ್ನ ಪಾಲಿನ ಕೆಂಕಿ ಎತ್ತಿಟ್ಟಿದ್ರಂತೆ. ಸಂಜೆವರೆಗೂ ಯಾರಿಗೂ ಮುಟ್ಟೋಕೆ ಬಿಡ್ಲಿಲ್ವಂತೆ.”

“ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?”

“ನೀನು ರೇಡಿಯೋ ಅಣಕಿಸೋದ್ರಲ್ಲಿ ಇದ್ಯಲ್ಲ.”

ಬರೆದೆ. ಬರೆದ ಮೇಲೆ ಬೇರೆ ದಾರಿ ಉಳಿಯಲಿಲ್ಲ. ಪೊಕುವಾ ಹಿರಿಯರನ್ನು ಮುಂದಿಟ್ಟುಕೊಂಡು ಹೋಗಿ ಮೇಡಂ ಹತ್ತಿರ ತಪ್ಪೊಪ್ಪಿಕೊಳ್ಳಲೇಬೇಕು.

೬

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಪೊಕುವಾಳ ಸೋದರಮಾವ ಬೆಡಿಯಾಕೊ, ಹೆಗಲ ಮೇಲೆ ಉದ್ದನೆಯ ವಸ್ತ್ರ ಹೊದ್ದು, ಕೈಯಲ್ಲಿ ತಪ್ಪುಕಾಣಿಕೆಯ ಶ್ನಾಪ್ಸ್ ಮದ್ಯದ ಬಾಟಲಿ ಹಿಡಿದು ಮೇಡಂ ಕೊನಾಡು ಅವರ ಅಂಗಡಿಗೆ ಬಂದರು. ಹಿಂದೆ ಪೊಕುವಾ. ಅವಳ ಹಿಂದೆ ನಾನು, ಕರೆಯದೆ.

ಇಂಥ ಮಾತನ್ನು ಎದುರುಬದುರು ಆಡುವ ಹಾಗಿಲ್ಲ. ನಡುವೆ ಒಬ್ಬರು ಬೇಕು. ಹಿರಿಯ ಶಿಷ್ಯೆ ಟಿವಾ ಸೂಜಿಯನ್ನು ರವಿಕೆಗೆ ಸಿಕ್ಕಿಸಿ ಎದ್ದು ನಿಂತಳು. ಮಾವನಿಗೂ ಮೇಡಮ್ಮಿಗೂ ನಡುವೆ ಮೂರಡಿ ಅಂತರ; ಮೂರಡಿಯಲ್ಲಿ ಟಿವಾ.

“ಟಿವಾ, ಮೇಡಂಗೆ ಹೇಳವ್ವ, ನಮ್ಮ ಮಗು ದಾರಿ ತಪ್ಪಿತ್ತು, ಕರ್ಕೊಂಡು ಬಂದಿದ್ದೀವಿ.”

“ಮೇಡಂ, ಮಗು ದಾರಿ ತಪ್ಪಿತ್ತಂತೆ.”

“ಯಾವ ಮಗು ಅಂತ ಕೇಳು. ನನಗೊಂದಿತ್ತು, ಸರ್ಕಾರ ದತ್ತು ತಗೊಳ್ತು.”

“ಮಾವ, ಯಾವ ಮಗು ಅಂತಿದ್ದಾರೆ. ಇವರದನ್ನ ಸರ್ಕಾರ ದತ್ತು ತಗೊಳ್ತಂತೆ.”

“ತನ್ನ ತಲೆಗೆ ತಾನೇ ಹಾಕ್ಕೊಳ್ಳೋರಿಗೆ ನನ್ನ ಕೈ ಯಾಕೆ ಬೇಕಾಯ್ತು ಅಂತ ಕೇಳು,” ಎಂದರು ಮೇಡಂ.

ಪೊಕುವಾ ಬಾಯಿ ತೆರೆಯಬಾರದಿತ್ತು. ತೆರೆದಳು. ಮಂಡಿಯೂರಿ, “ತಪ್ಪಾಯ್ತು ಮೇಡಂ,” ಎಂದಳು.

ಟಿವಾ ಒಂದು ಕ್ಷಣ ಗಲಿಬಿಲಿಗೊಂಡು, ಕೆಲಸ ಕೆಲಸವೇ ಎಂದು, “ಮೇಡಂ, ತಪ್ಪಾಯ್ತಂತೆ,” ಎಂದಳು.

“ಕೇಳಿಸ್ತು ಕಣೇ! ನಾನೇನು ಕಿವುಡೀನಾ?”

ಯಂತ್ರಗಳ ಹಿಂದೆ ತಲೆ ತಗ್ಗಿಸಿದ್ದ ಹುಡುಗಿಯರ ಹೆಗಲುಗಳು ಕುಲುಕಿದವು. ಮಾವ ಮೆಲ್ಲಗೆ ಬಾಟಲಿಯನ್ನು ಮೇಜಿನ ಮೇಲಿಟ್ಟರು. ಮೇಡಂ ಅದನ್ನು ತಳ್ಳಲಿಲ್ಲ, ಮುಟ್ಟಲೂ ಇಲ್ಲ.

೭

ಕೊನೆ (ಅ): ಮೇಡಂ ಕರಗಿದರು. ಪೌಡರ್ ಸುರಿದರು. ಹುಡುಗಿಯರು ಚಪ್ಪಾಳೆ ತಟ್ಟಿದರು.

“ಏನಪ್ಪಾ ಕಥೆಗಾರ,” ಎಂದರು ಮೇಡಂ ಕೊನಾಡು, ಕನ್ನಡಕ ಮೂಗಿನ ತುದಿಗಿಳಿಸಿ. “ಅವಳು ನನ್ನತ್ರ ಕತ್ತರೀನೇ ಮುಟ್ಟಿಲ್ಲ. ನಾನು ಸುಳ್ಳು ಪೌಡರ್ ಹಾಕೋಳಲ್ಲ. ಹೊಡೆದು ಹಾಕು.”

ಕೊನೆ (ಆ): ಪೊಕುವಾ ಎದ್ದು ನಿಂತು, ಕಂದು ಕಾಗದ ಹರಡಿ, ಸರ್ಕಾರಿ ಅಳತೆಯಲ್ಲಿ ಕಾಬಾ ರವಿಕೆ ಕತ್ತರಿಸಿ ತೋರಿಸಿದಳು. ಮೇಡಂ ಬೆರಗಾದರು. ಹಳೆಯ ವಿದ್ಯೆ ಹೊಸ ವಿದ್ಯೆಯ ಮುಂದೆ...

“ಬೇಡ ಅಣ್ಣ,” ಎಂದಳು ಪೊಕುವಾ, ಮಂಡಿಯೂರಿದ್ದಲ್ಲಿಂದಲೇ, ನನಗೆ ಮಾತ್ರ ಕೇಳುವಂತೆ. “ಅಲ್ಲಿ ನಾವು ಕತ್ತರಿಸಿದ್ದು ಸರ್ಕಾರದ ಬಿಳೀ ಬಟ್ಟೆ. ಕೆಟ್ರೆ ಇನ್ನೊಂದು ತುಂಡು ಕೊಡೋರು. ಇನ್ನೊಬ್ರ ಬಟ್ಟೆಗೆ ನಾನು ಇವತ್ತಿನವರೆಗೂ ಕತ್ತರಿ ಹಾಕಿಲ್ಲ. ಅಬ್ರಾಫಿ ಆಂಟಿ ಅವತ್ತು ಬಟ್ಟೆ ಕೊಟ್ಟಿದ್ರೆ, ದೇವರಾಣೆ, ಮಡಿಕೆ ಬಿಚ್ಚದೆ ವಾಪಸ್ ಕೊಡ್ತಿದ್ದೆ.”

ಕೊನೆ (ಇ) ಬರೆಯಲು ಪೆನ್ನು ಊರುವಷ್ಟರಲ್ಲಿ ಮೇಡಂ ಎದ್ದು ಕಪಾಟು ತೆರೆದಿದ್ದರು.

ಹೊರಬಂದದ್ದು ಕಪ್ಪು ಬಟ್ಟೆ, ಕೆಂಪು ಹೂವಿನ ಅಚ್ಚು. ಮೇಜಿನ ಮೇಲೆ ಹರಡಿದರು. ಅಳತೆ ಬರೆದ ಚೀಟಿ, ಟೇಪು, ಚಾಕ್‌ಪೀಸು, ತಮ್ಮ ಸ್ವಂತ ಕತ್ತರಿ.

“ಇದು ವಿಧವೆಯ ಬಟ್ಟೆ,” ಎಂದರು, ಟಿವಾಳನ್ನು ಪಕ್ಕಕ್ಕೆ ಸರಿಸಿ ನೇರವಾಗಿ ಪೊಕುವಾಳಿಗೆ. “ಶನಿವಾರ ಅವಳ ಗಂಡನ ವರ್ಷದ ಕಾರ್ಯ. ಇಡೀ ಕುಟುಂಬ ಇದೇ ಬಟ್ಟೆ ತಗೊಂಡಿದೆ, ಪೇಟೇಲಿ ಇನ್ನೊಂದು ಗಜ ಸಿಗಲ್ಲ. ಕಾಗದ ಇಟ್ಟು ಕತ್ತರಿಸ್ತೀಯೋ, ಕಣ್ಣಳತೇಲಿ ಕತ್ತರಿಸ್ತೀಯೋ, ನಿಂಗೆ ಬಿಟ್ಟಿದ್ದು.”

“ಕೆಟ್ಟೋದ್ರೆ ಮೇಡಂ?”

“ಕೆಟ್ಟೋದ್ರೆ ನನ್ನ ಕೈ ಅಂತೀನಿ. ಅವಳು ನನ್ನ ಬಾಗಿಲಿಗೆ ಬಂದು ಕೂಗಾಡ್ತಾಳೆ. ಕೂಗಾಡ್ಲಿ. ಮೂವತ್ತು ವರ್ಷದಿಂದ ಬಾಗಿಲು ಇಟ್ಕೊಂಡಿರೋದು ಇನ್ಯಾಕೆ?”

“ಚೆನ್ನಾಗಿ ಬಂದ್ರೆ?”

“ಆಗ್ಲೂ ನನ್ನ ಕೈ ಅಂತೀನಿ. ನೀನು ಕೇಳ್ಕೊಂಡು ಸುಮ್ನಿರ್ಬೇಕು. ಆಗುತ್ತಾ?”

ಇಷ್ಟು ಹೊತ್ತು ಅವಳ ಬಾಯಿಗೆ ಮಾತು ತುರುಕುತ್ತಿದ್ದ ನಾನು ಪೆನ್ನು ಪಕ್ಕಕ್ಕಿಟ್ಟೆ. ಪೊಕುವಾ ಎದ್ದಳು. ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡಳು. “ಆಗುತ್ತೆ ಮೇಡಂ.”

“ಮೂರನೇ ವರ್ಷದ ಮೊದಲ ದಿನ ಇದು. ನಿನ್ನ ಅಂಗಡಿ ಇರುತ್ತೋ ಹೋಗುತ್ತೋ, ಪೌಡರ್ ಬೀಳುತ್ತೋ ಇಲ್ವೋ, ಆಮೇಲೆ ಮಾತು.” ಆಮೇಲೆ ನನ್ನ ಕಡೆ ತಿರುಗಿ, “ನೀನು ಆಚೆ ನಡಿಯಪ್ಪ. ಬೆಳಕಿಗೆ ಅಡ್ಡ ನಿಂತಿದ್ದೀಯ.”

“ನನಗೆ ಕಥೆಯ ಕೊನೆ ಬೇಕು ಮೇಡಂ.”

“ನಿಂಗೆ ಕೊನೆ ಬೇಕು, ಅವಳಿಗೆ ಸೊಂಟದಳತೆ ಬೇಕು. ಯಾವ್ದು ಮೊದಲು?”

೮

ಆಚೆ ಬೆಂಚಿನ ಮೇಲೆ ಮಾವನೂ ನಾನೂ ಕೂತಿದ್ದೇವೆ. (ಇದನ್ನು ಅಲ್ಲೇ ಬರೆಯುತ್ತಿದ್ದೇನೆ.) ಒಳಗೆ ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಕತ್ತರಿಯ ಮೊದಲ ಕಚಕ್. ಎರಡು. ಹತ್ತು. ಒಂದೇ ಸಮನೆ. ಇದ್ದಕ್ಕಿದ್ದಂತೆ ನಿಂತಿತು.

“ಯಾಕೆ ನಿಲ್ಲಿಸಿದ್ಲು ಮಾವ?”

“ತೋಳಿನ ತಿರುವು ಬಂದಿರ್ಬೇಕು.”

“ನಿಮಗೆ ಹೊಲಿಗೆ ಗೊತ್ತಾ?”

“ಲಾರಿ ಓಡಿಸ್ದೋನು ನಾನು. ತಿರುವಿನಲ್ಲಿ ನಿಧಾನ ಮಾಡ್ಬೇಕು ಅನ್ನೋದಷ್ಟೇ ಗೊತ್ತು.”

“ಸರಿ ಬಂತೋ ಇಲ್ವೋ ಯಾವಾಗ ತಿಳಿಯುತ್ತೆ?”

“ಶನಿವಾರ. ಆ ಹೆಂಗಸು ತೊಟ್ಟು ಜನರ ಮುಂದೆ ಎದ್ದು ನಿಂತಾಗ.”

ಇವತ್ತು ಇನ್ನೂ ಮಂಗಳವಾರ. ನನಗಿಂತ ಮೊದಲು ನಿಮಗೆ ಗೊತ್ತಾಗುವ ದಾರಿಯಿಲ್ಲ, ನಿಮಗಿಂತ ಮೊದಲು ನನಗೂ ಇಲ್ಲ. ಕತ್ತರಿ ಮತ್ತೆ ಶುರುವಾಯಿತು, ನಿಧಾನವಾಗಿ.