ಅದಬಿಗೆ ಆರಿಸಿದ ದೀಪ

ನಮ್ಮ ಜಾಗೀರದಾರರ ಕುದುರೆಗಳು ಬೆಳಕು ಕಂಡರೆ ಬೆದರುತ್ತಿದ್ದವು. ಹೀಗಾಗಿ ಮಬ್ಬುಗತ್ತಲಲ್ಲಿ ಅವರ ಟಾಂಗಾ ಎದುರಾದರೆ ನಾವು ಸೈಕಲ್ಲಿನಿಂದಿಳಿದು, ದೀಪ ಆರಿಸಿ, ತಲೆಬಾಗಿ ನಿಲ್ಲಬೇಕಿತ್ತು. ಟಾಂಗಾ ಕಣ್ಮರೆಯಾಗುವವರೆಗೆ ಮತ್ತೆ ಹಚ್ಚುವಂತಿರಲಿಲ್ಲ. ಅದಕ್ಕೆ ಅದಬು, ಅಂದರೆ ಮರ್ಯಾದೆ, ಎಂಬ ಹೆಸರು ಬೇರೆ!

ನಮ್ಮಣ್ಣ ಅಣವೀರಪ್ಪ ಕಮಲಾಪುರದ ಬಾಳೆಹಣ್ಣನ್ನು ಕಲಬುರ್ಗಿಯ ರೋಜಾ ಬಡಾವಣೆಯಲ್ಲಿ ಮಾರುತ್ತಿದ್ದ. ಸೈಕಲ್ಲಿನ ಎಣ್ಣೆದೀಪದ ಗಾಜು ಒರೆಸದೆ ಎಂದೂ ಊರು ಬಿಟ್ಟವನಲ್ಲ. ಅಂದು ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಮರಳುತ್ತಿದ್ದೆವು. ಕಮಲಾಪುರ ಇನ್ನೇನು ಬಂತು ಅನ್ನುವಾಗ ಜಾಗೀರದಾರರ ಟಾಂಗಾ ಎದುರಾಯಿತು. ಅಣ್ಣ ದೀಪ ಊದಿದ.

"ಬುಟ್ಟಿ ಹಿಡ್ಕೊಂಡು ಆ ಬೇವಿನ ಗಿಡದ ಕೆಳಗ ನಿಂದ್ರು," ಎಂದು ನನ್ನನ್ನು ಸರಿಸಿದ.

ಟಾಂಗಾ ದಾಟಿತು. ಅದರ ಹಿಂದೆಯೇ ಅವರ ನೆಂಟರ ಟಾಂಗಾ ಓಡೋಡಿ ಬಂತು. ಅದಕ್ಕೂ ದೀಪವಿರಲಿಲ್ಲ. ಕತ್ತಲಲ್ಲಿ ಅಣ್ಣನ ಮೇಲೆಯೇ ಹಾಯಿತು.

ಟಾಂಗಾದವನು ಕೆಳಗೆ ಹಾರಿ ನನ್ನ ಮೇಲೇ ಹರಿಹಾಯ್ದ: "ಲೇ, ದೀಪ ಇಲ್ದ ನಿಂತ್ರ ನನಗ ಹ್ಯಾಂಗ ಕಾಣಬೇಕೋ?"

"ಜಾಗೀರದಾರರ ಸಲುವಾಗೇ ಅಣ್ಣ ಆರಿಸ್ಯಾನ!" ಎಂದು ಚೀರಿದೆ. ಅಷ್ಟರಲ್ಲಿ ಅಣ್ಣ ಪ್ರಾಣ ಬಿಟ್ಟಿದ್ದ.

ಅವನನ್ನು ಮಣ್ಣು ಮಾಡಿ ಬಂದ ದಿನವೇ ಊರಲ್ಲಿ ಡಂಗುರ ಸಾರಿದರು. ಇನ್ನು ಮುಂದೆ ದೀಪ ಆರಿಸಿದವರು ರಸ್ತೆಯ ಮೇಲೆ ನಿಲ್ಲದೆ ಹೊಲಕ್ಕಿಳಿದು ನಿಲ್ಲಬೇಕಂತೆ. ನೆಂಟರ ಕುದುರೆಯ ಕಾಲಿಗೆ ಪೆಟ್ಟಾಗಿತ್ತಂತೆ.