ಗೋಡೆಗೆ ಅಂಟಿದ ಹಾಳೆ

ಆ ಸೊನ್ನೆಯನ್ನು ನನ್ನ ಕೈಯಿಂದಲೇ ಬರೆಸಬೇಕಿತ್ತೆ? ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಇನ್ನೂ ಇಬ್ಬರು ಗುಮಾಸ್ತರಿದ್ದಾರೆ. ಆದರೆ ರಸಾಯನಶಾಸ್ತ್ರ ವಿಭಾಗದ ನೇಮಕಾತಿಗೆ ಸಂಶೋಧನಾ ಪತ್ರಿಕೆಗಳ ಪ್ರಭಾವದ ಅಂಕಿ ತುಂಬುವ ಕೆಲಸ ಹನ್ನೊಂದು ವರ್ಷದಿಂದ ನನ್ನ ತಲೆಯ ಮೇಲೇ ಇದೆ.

ಲೆಕ್ಕ ಸರಳ. ಪತ್ರಿಕೆಯೊಂದು ಹಿಂದಿನ ಎರಡು ವರ್ಷ ಅಚ್ಚು ಹಾಕಿದ ಲೇಖನಗಳನ್ನು ಈ ವರ್ಷ ಸಂಶೋಧಕರು ತಮ್ಮ ಲೇಖನಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದರು ಎಂದು ಎಣಿಸಿ, ಲೇಖನಗಳ ಸಂಖ್ಯೆಯಿಂದ ಭಾಗಿಸುವುದು. ಒಂದಕ್ಕಿಂತ ಕಡಿಮೆ ಬಂದರೆ ಆ ಪತ್ರಿಕೆಯ ಲೇಖನಕ್ಕೆ ನಮ್ಮಲ್ಲಿ ಸೊನ್ನೆ. ನನ್ನ ತಂಗಿಯ ಮೂರನೇ ಲೇಖನ ಬಂದ ಪತ್ರಿಕೆಗೆ ಸಿಕ್ಕಿದ್ದು ಸೊನ್ನೆ ಪಾಯಿಂಟ್ ಒಂಬತ್ತು ಆರು. ಮೂರು ಲೇಖನವಿದ್ದರೆ ಕೆಲಸ ಕಾಯಂ, ಎರಡಾದರೆ ತಿಂಗಳ ಕೊನೆಗೆ ಮನೆಗೆ. ಆ ವಿಭಾಗದ ಲ್ಯಾಬಿನಲ್ಲಿ ಆರು ವರ್ಷ ಜೀವ ತೇಯ್ದವಳು ಅವಳು.

ಇದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಮೈ ಉರಿಸಿದ್ದು ಗೋಡೆಯ ಮೇಲಿನ ಹಾಳೆ. ಬೆಂಕಿ ಹತ್ತಿಕೊಳ್ಳದ ಹಾಗೆ ದ್ರಾವಕದಿಂದ ನೀರಿನಂಶ ತೆಗೆಯುವ ವಿಧಾನ, ಅವಳ ಅದೇ ಲೇಖನದ ಒಂದು ಪುಟ, ಲ್ಯಾಬಿನ ಪ್ರತಿ ಮೇಜಿನ ಎದುರಿಗೂ ಅಂಟಿದೆ. ಎಲ್ಲರೂ ಅದನ್ನು ನೋಡಿಕೊಂಡೇ ಕೆಲಸ ಶುರುಮಾಡುತ್ತಾರೆ. ತಮ್ಮ ಲೇಖನ ಬರೆಯುವಾಗ ಮಾತ್ರ ಒಬ್ಬರಿಗೂ ಅದರ ನೆನಪಿರುವುದಿಲ್ಲ. ಅವರೆಲ್ಲ ಉಲ್ಲೇಖಿಸಿದ್ದರೆ ಆ ಪತ್ರಿಕೆಯ ಅಂಕಿ ಒಂದು ಮುಟ್ಟುತ್ತಿತ್ತು.

ತಡೆಯಲಾಗದೆ ವಿಭಾಗದ ಮುಖ್ಯಸ್ಥರ ಕೋಣೆಗೆ ಹೋದೆ.

“ಸಾರ್, ನೀವೂ ಅದನ್ನೇ ಬಳಸ್ತೀರಲ್ಲ. ಒಂದ್ಸಲಾನೂ ಅವಳ ಹೆಸರು ಹಾಕಿಲ್ಲ.”

ಅವರು ಕನ್ನಡಕ ತೆಗೆದರು. ಕೆಟ್ಟ ಮನುಷ್ಯರಲ್ಲ, ಅದೇ ನನ್ನ ಕಷ್ಟ.

“ಎಲ್ಲರಿಗೂ ಗೊತ್ತಿರೋದನ್ನ ಯಾರಪ್ಪ ಬರೀತಾರೆ? ದ್ರಾವಕ ಒಣಗಿಸಿದೆವು ಅಂತ ಒಂದು ಸಾಲು, ಮುಗೀತು. ಈಗ ಬರೆದ್ರೂ ಮುಂದಿನ ವರ್ಷದ ಲೆಕ್ಕಕ್ಕೆ ಹೋಗುತ್ತೆ. ನಿಯಮ ನನ್ನ ಕೈಲಿಲ್ಲ.”

ಮನೆಗೆ ಬಂದು ತಂಗಿಗೆ ಹೇಳಿದೆ. “ಒಂದು ಅಂತ ಬರೆದುಬಿಡ್ತೀನಿ ಕಣೇ. ಯಾರಿಗೆ ಗೊತ್ತಾಗುತ್ತೆ?”

“ನಿನ್ನ ಕೆಲಸಾನೂ ಹೋಗ್ಲಿ ಅಂತಾನಾ? ಇಬ್ಬರೂ ಕೂತು ಮುಖ ಮುಖ ನೋಡ್ಕೊಂಡಿರೋಣ,” ಎಂದು ನಕ್ಕಳು. ಆಮೇಲೆ ನಗು ನಿಂತಿತು. “ಇರೋದನ್ನೇ ಬರಿ, ಅಣ್ಣ.”

ಬರೆದೆ. ಕೆಳಗೆ ನನ್ನದೇ ಸಹಿ. ನಾನು ಇಷ್ಟೊಂದು ಕೈಲಾಗದವನು ಎಂದು ಆವತ್ತೇ ಗೊತ್ತಾದದ್ದು.

ಅವಳು ಬಿಳಿ ಕೋಟು ಮಡಚಿಕೊಂಡು ಮನೆಗೆ ಬಂದ ಮರುವಾರ ಮುಖ್ಯಸ್ಥರ ಫೋನ್ ಬಂತು.

“ನೋಡಪ್ಪ, ಗೋಡೆ ಮೇಲಿನ ಆ ಹಾಳೆಗಳು ಆಸಿಡ್ ಬಿದ್ದು ಓದೋಕಾಗ್ತಿಲ್ಲ. ನಿನ್ನ ತಂಗಿ ಜಾಗಕ್ಕೆ ಹೊಸಬರು ಬಂದಿದ್ದಾರೆ. ಹತ್ತು ಪ್ರತಿ ತೆಗೆದು ಕಳಿಸ್ತೀಯಾ?”

ಆಗಲ್ಲ ಎನ್ನಬಹುದಿತ್ತು. ಹಾಳೆ ಇಲ್ಲದಿದ್ದರೆ ಹೊಸಬರು ಹಳೆಯ ವಿಧಾನಕ್ಕೆ ಕೈಹಾಕುತ್ತಾರೆ. ಬೆಂಕಿ ಹತ್ತಿಕೊಂಡರೆ ಸುಡುವುದು ಅವರ ಕೈ. ಹತ್ತು ಪ್ರತಿ ತೆಗೆದು, ಮಡಿಕೆ ಬೀಳದ ಹಾಗೆ ಲಕೋಟೆಗೆ ಹಾಕಿ ಕಳಿಸಿದೆ.